ಬಟ್ಟೆಯ ಗೋಡೆ, ಹೊರಗೆ ಆನೆ: ಒಕವಾಂಗೊದ ಟೆಂಟ್ ಕ್ಯಾಂಪಿಗೆ ಹೋಗಬಹುದಾ?

ಪ್ರಶ್ನೆ: ನಾನು ಮೈಸೂರಿನವಳು, 58 ವರ್ಷ. ಯಜಮಾನರಿಗೆ 64. ಅವರಿಗೆ ಬಿಪಿ, ಶುಗರ್ ಎರಡೂ ಇದೆ. ಇನ್ಸುಲಿನ್ ತಗೊಳ್ತಾರೆ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಕೊಡುವ ಸಿಪ್ಯಾಪ್ ಮೆಷಿನ್ ಹಾಕಿಕೊಂಡೇ ಮಲಗಬೇಕು. ಮಗ ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಜುಲೈ ಕೊನೆಗೆ ನಮ್ಮನ್ನು ಕರೆಸಿಕೊಂಡು, ಬೋಟ್ಸ್ವಾನಾದ ಒಕವಾಂಗೊ ಡೆಲ್ಟಾದಲ್ಲಿ ನಾಲ್ಕು ರಾತ್ರಿಗೆ ಒಂದು ದುಬಾರಿ ಟೆಂಟ್ ಕ್ಯಾಂಪ್ ಬುಕ್ ಮಾಡಿದ್ದಾನೆ. ಮಗ, ಸೊಸೆ, 7 ವರ್ಷದ ಮೊಮ್ಮಗ, ನಾವಿಬ್ಬರು. ಅವನು ಕಳಿಸಿದ ವಿಡಿಯೋದಲ್ಲಿ ಆನೆ ಟೆಂಟಿನ ಪಕ್ಕದಲ್ಲೇ ನಿಂತು ಮರ ಅಲ್ಲಾಡಿಸುತ್ತಿದೆ. ಬೇಲಿ ಇಲ್ಲ, ಬಾಗಿಲಿಗೆ ಬೀಗ ಇಲ್ಲ, ಒಂದು ಜಿಪ್ ಅಷ್ಟೇ. ನೆಂಟರು ಹೇಳುವುದು, ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ, ಮಲೇರಿಯಾ ಬಂದೇ ಬರುತ್ತದೆ, ಹಿಪ್ಪೊ ಸಿಂಹಕ್ಕಿಂತ ಜಾಸ್ತಿ ಜನರನ್ನು ಕೊಲ್ಲುತ್ತದೆ ಅಂತ. ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕ್ಯಾನ್ಸಲ್ ಮಾಡು ಅಂದರೆ ಮಗನಿಗೆ ಬೇಜಾರು. ಹೋಗೋದಾ, ಬೇಡವಾ?

ಉತ್ತರ:

ನೀವು ಬರೆದದ್ದನ್ನು ಓದಿದರೆ ನಿಮ್ಮ ಮುಖ್ಯ ಭಯ ಆ ಜಿಪ್ಪಿನ ಬಗ್ಗೆ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಕಡೆಗೆ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದು, ಎಷ್ಟೋ ಸಲ ಜೊತೆಗೇ ಹೋಗುವುದು ನನ್ನ ಕೆಲಸ. ಮೊದಲ ಸಲ ಹೋಗುವವರಲ್ಲಿ ಮುಕ್ಕಾಲು ಪಾಲು ಜನ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯವರ ಮಟ್ಟಿಗೆ ಟೆಂಟ್ ದೊಡ್ಡ ಅಪಾಯವಲ್ಲ. ಅಪಾಯ ಇರುವುದು ಟೆಂಟಿನಿಂದ ಊಟದ ಜಾಗಕ್ಕೆ ಹೋಗುವ ದಾರಿಯಲ್ಲಿ, ಮತ್ತೆ ರಾತ್ರಿ ಹೊತ್ತು ಆಸ್ಪತ್ರೆ ಎಷ್ಟು ದೂರ ಅನ್ನುವುದರಲ್ಲಿ. ಮೊದಲನೆಯದನ್ನು ಕ್ಯಾಂಪಿನವರು ನೋಡಿಕೊಳ್ಳುತ್ತಾರೆ, ನೀವು ಅವರ ಮಾತು ಕೇಳಿದರೆ ಸಾಕು. ಎರಡನೆಯದನ್ನು ನೀವೇ ಮೈಸೂರಿನಲ್ಲಿ ಕೂತು ಈಗಲೇ ಸರಿಮಾಡಿಕೊಳ್ಳಬೇಕು.

ಮೊದಲು ಆ ಜಾಗ ಹೇಗಿದೆ ಅಂತ ಹೇಳುತ್ತೇನೆ, ಯಾಕೆಂದರೆ ಗೋಡೆ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಒಕವಾಂಗೊ ಸಮುದ್ರ ಸೇರದ ನದಿ. ಅಂಗೋಲಾದ ಬೆಟ್ಟಗಳಲ್ಲಿ ಜನವರಿ, ಫೆಬ್ರವರಿ ಹೊತ್ತಿಗೆ ಜೋರು ಮಳೆ ಬೀಳುತ್ತದೆ. ಆ ನೀರು ನಿಧಾನವಾಗಿ ದಕ್ಷಿಣಕ್ಕೆ ಹರಿದು ಕಲಹಾರಿಯ ಮರಳಿನ ಮೇಲೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ, ಆಮೇಲೆ ಬಹುಪಾಲು ಬಿಸಿಲಿಗೆ ಆವಿಯಾಗಿ, ಗಿಡಮರಗಳ ಮೂಲಕ ಗಾಳಿ ಸೇರಿ ಮುಗಿದುಹೋಗುತ್ತದೆ. ನೆಲ ಎಷ್ಟು ಚಪ್ಪಟೆ ಅಂದರೆ ನೀರು ಡೆಲ್ಟಾದ ಕೆಳತುದಿಯ ಮಾವುನ್ ಪಟ್ಟಣ ಮುಟ್ಟುವ ಹೊತ್ತಿಗೆ ಜೂನ್, ಜುಲೈ ಆಗಿರುತ್ತದೆ. ಅಂದರೆ ಅಲ್ಲಿ ಒಂದು ಹನಿ ಮಳೆ ಇಲ್ಲದ ಚಳಿಗಾಲದಲ್ಲಿ ಪ್ರವಾಹ ಬರುತ್ತದೆ. ಸುತ್ತಲಿನ ಒಣ ಕಾಡಿನಲ್ಲಿ ಹೊಂಡಗಳು ಬತ್ತುತ್ತಿರುವಾಗ ಇಲ್ಲಿ ನೀರು ಏರುತ್ತಿರುತ್ತದೆ, ಹಾಗಾಗಿ ಪ್ರಾಣಿಗಳೆಲ್ಲ ಇಲ್ಲಿಗೆ ಬರುತ್ತವೆ. ನಿಮ್ಮ ಮಗ ಜುಲೈ ಆರಿಸಿದ್ದು ಸುಮ್ನೆ ಅಲ್ಲ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸಾವಿರನೇ ಜಾಗ ಈ ಡೆಲ್ಟಾ.

ಡೆಲ್ಟಾದ ಒಳಗಿನ ದ್ವೀಪಗಳಲ್ಲಿ ಎಷ್ಟೋ ಹುಟ್ಟಿದ್ದು ಗೆದ್ದಲಿನ ಹುತ್ತದಿಂದ. ನೀರಿನ ಮಧ್ಯೆ ಹುತ್ತ ಎದ್ದು ನಿಲ್ಲುತ್ತದೆ, ಹಕ್ಕಿಗಳು ಅದರ ಮೇಲೆ ಕೂತು ಬೀಜ ಹಾಕುತ್ತವೆ, ಮರ ಬೆಳೆಯುತ್ತದೆ, ಮರದ ಬೇರು ನೀರು ಎಳೆದುಕೊಂಡು ಮಣ್ಣನ್ನೂ ಉಪ್ಪನ್ನೂ ಸುತ್ತ ಬಿಡುತ್ತ ದ್ವೀಪ ಅಗಲವಾಗುತ್ತ ಹೋಗುತ್ತದೆ. ಇಂಥ ಜಾಗದಲ್ಲಿ ಪಾಯ ತೋಡಿ ಕಾಂಕ್ರೀಟ್ ಕಟ್ಟಿದರೆ ಮುಂದೆ ಅದನ್ನು ತೆಗೆಯುವವರಿಲ್ಲ. ಅದಕ್ಕೇ ಇಲ್ಲಿ ಭೂಮಿಯನ್ನು ಗುತ್ತಿಗೆಗೆ ಕೊಡುವಾಗ, ಎತ್ತಿಕೊಂಡು ಹೋದರೆ ಗುರುತು ಉಳಿಯದ ಹಾಗೆ ಕ್ಯಾಂಪ್ ಕಟ್ಟಬೇಕು, ಜನ ಕಡಿಮೆ ಇರಬೇಕು ಅಂತ ಕಟ್ಟುನಿಟ್ಟು ಮಾಡುತ್ತಾರೆ. ಮರದ ಕಂಬದ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಕ್ಯಾನ್ವಾಸ್ ಟೆಂಟ್, ಮೇಲೆ ಸೋಲಾರ್. ಹೆಚ್ಚಿನ ಕ್ಯಾಂಪುಗಳಲ್ಲಿ ಎಂಟೋ ಹತ್ತೋ ಹನ್ನೆರಡೋ ಟೆಂಟ್, ಅಷ್ಟೇ. ಜನ ಕಡಿಮೆ, ದುಡ್ಡು ಜಾಸ್ತಿ, ಕಾಡಿಗೆ ಪೆಟ್ಟು ಕಡಿಮೆ ಅನ್ನುವುದು ಬೋಟ್ಸ್ವಾನಾ ಸರ್ಕಾರದ ನೀತಿ. ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವುದು ಈ ಕಾಲದಲ್ಲಿ ಮಾಮೂಲಿ. ಹೆಸರುವಾಸಿ ಕ್ಯಾಂಪುಗಳಲ್ಲಿ ಅದರ ಎರಡು ಪಟ್ಟೂ ಆಗುತ್ತದೆ. ಬೇಲಿಯನ್ನೂ ಬೇಕಂತಲೇ ಹಾಕುವುದಿಲ್ಲ. ಆನೆ ದಿನಾ ಓಡಾಡುವ ದಾರಿಗೆ ಬೇಲಿ ಹಾಕಿದರೆ ಜಗಳ ಶುರುವಾಗುವುದು ಅಲ್ಲಿಂದಲೇ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳನ್ನು ನೋಡಿದ ಮೈಸೂರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಜಿಪ್ಪಿನ ವಿಷಯ. ಸಿಂಹ, ಚಿರತೆ, ಕತ್ತೆಕಿರುಬ, ಆನೆ ಇವೆಲ್ಲ ಮುಚ್ಚಿದ ಟೆಂಟನ್ನು ಹುತ್ತ, ಬಂಡೆಯ ಹಾಗೆ ಒಂದು ಗಟ್ಟಿ ವಸ್ತು ಅಂತಲೇ ನೋಡಿ ಸುತ್ತಿಕೊಂಡು ಹೋಗುತ್ತವೆ. ಮನಸ್ಸು ಮಾಡಿದರೆ ಆನೆಗೆ ಕ್ಯಾನ್ವಾಸ್ ಏನೂ ಅಲ್ಲ, ಅದು ನಿಜ. ಆದರೆ ಅದಕ್ಕೆ ಮನಸ್ಸು ಮಾಡಲು ಕಾರಣ ಬೇಕು, ಆ ಕಾರಣ ಹೆಚ್ಚಾಗಿ ವಾಸನೆ. ಕಿತ್ತಳೆ, ಬಾಳೆಹಣ್ಣು, ತಿಂಡಿ ಒಳಗಿದ್ದರೆ ಆನೆಯೂ ಬರಬಹುದು, ಬಬೂನ್ ಕೋತಿಗಳಂತೂ ಹಗಲಲ್ಲೇ ಜಿಪ್ ಎಳೆದು ಒಳಗೆ ಬರುತ್ತವೆ. ಅದಕ್ಕೆ ಟೆಂಟ್ ಒಳಗೆ ತಿನ್ನುವ ವಸ್ತು ಇಡಬಾರದು ಅನ್ನುವುದು ಎಲ್ಲ ಕ್ಯಾಂಪಿನ ಮೊದಲ ನಿಯಮ. ನೀವು ಮನೆಯಿಂದ ತರುವ ಚಕ್ಕುಲಿ, ಚಟ್ನಿಪುಡಿ ಎಲ್ಲ ಹೋದ ತಕ್ಷಣ ಅಡುಗೆಮನೆಯವರ ಕೈಗೆ ಕೊಟ್ಟುಬಿಡಿ, ಬೇಕೆಂದಾಗ ತಂದುಕೊಡುತ್ತಾರೆ. ಎರಡನೆಯ ನಿಯಮ, ಸೆಕೆಯಾಯಿತು ಅಂತ ಬಾಗಿಲು ತೆರೆದಿಟ್ಟು ಮಲಗಬಾರದು. ಆಫ್ರಿಕಾದಲ್ಲಿ ಟೆಂಟುಗಳಲ್ಲಿ ಆಗಿರುವ ಅನಾಹುತಗಳನ್ನು ಕೆದಕಿ ನೋಡಿದರೆ ಬಾಗಿಲು ತೆರೆದಿತ್ತು, ಅಥವಾ ಜನ ಹೊರಗೆ ಮಲಗಿದ್ದರು, ಅಥವಾ ರಾತ್ರಿ ಒಬ್ಬರೇ ಹೊರಗೆ ಹೋದರು ಅನ್ನುವುದೇ ಪದೇ ಪದೇ ಸಿಗುತ್ತದೆ.

ನೀವು ವಿಡಿಯೋದಲ್ಲಿ ನೋಡಿದ ಆನೆ ಏನು ಮಾಡುತ್ತಿತ್ತು ಗೊತ್ತಾ? ಆ ದ್ವೀಪಗಳಲ್ಲಿ ಒಂದು ಜಾತಿಯ ತಾಳೆಮರ ಇದೆ, ಅಲ್ಲಿಯವರು ಮೊಕೊಲ್ವಾನೆ ಅನ್ನುತ್ತಾರೆ. ಕಂದು ಬಣ್ಣದ, ಟೆನಿಸ್ ಚೆಂಡಿನಷ್ಟು ದೊಡ್ಡ ಕಾಯಿ, ಕಲ್ಲಿನ ಹಾಗೆ ಗಟ್ಟಿ. ಗಂಡಾನೆ ಬಂದು ಹಣೆಯನ್ನು ಕಾಂಡಕ್ಕೆ ಒತ್ತಿ, ಒಂದು ಸಲ ಹಿಂದಕ್ಕೆ ವಾಲಿ, ಮತ್ತೆ ಒತ್ತುತ್ತದೆ. ಮರ ತುದಿಯವರೆಗೆ ನಡುಗಿ ಕಾಯಿಗಳು ದಬದಬ ಉದುರುತ್ತವೆ. ಕೆಲವು ಟೆಂಟಿನ ಮೇಲೆ ಬಿದ್ದು ಉರುಳಿ ಹಲಗೆಯ ಮೇಲೆ ಟಕ್ ಅನ್ನುತ್ತವೆ. ಆಮೇಲೆ ಹತ್ತು ನಿಮಿಷ ಅದು ಸೊಂಡಿಲಿನಿಂದ ಒಂದೊಂದೇ ಕಾಯಿ ಹುಡುಕಿ ಬಾಯಿಗಿಡುವುದು, ಅದರ ಹೊಟ್ಟೆ ಗುಡುಗುಡು ಅನ್ನುವುದು ಎಲ್ಲ ಮಂಚದ ಮೇಲಿಂದಲೇ ಕೇಳಿಸುತ್ತದೆ. ಆ ಹೊತ್ತಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಟಾರ್ಚ್ ಬಿಡಬೇಡಿ, ಮಾತಾಡಬೇಡಿ, ಫೋಟೋಗೆ ಅಂತ ಜಿಪ್ ತೆಗೆಯಬೇಡಿ. ಮೊಮ್ಮಗನಿಗೆ ಹೋಗುವ ಮೊದಲೇ ಇದನ್ನು ಹೇಳಿಕೊಡಿ, ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಇಡೀ ಕರ್ನಾಟಕದಲ್ಲಿ 2023ರ ಗಣತಿಯಂತೆ 6,395 ಆನೆ, ಬೋಟ್ಸ್ವಾನಾ ಒಂದರಲ್ಲೇ ಸುಮಾರು 1.3 ಲಕ್ಷ. ಹಾಗಾಗಿ ಆನೆ ಬಂದೇ ಬರುತ್ತದೆ ಅಂದುಕೊಂಡೇ ಹೋಗಿ.

ದಾರಿಯ ಮಾತು ಅಂದೆ. ಕತ್ತಲಾದ ಮೇಲೆ ಟೆಂಟಿನಿಂದ ಊಟಕ್ಕೆ, ಊಟದಿಂದ ಟೆಂಟಿಗೆ ನಿಮ್ಮನ್ನು ಕ್ಯಾಂಪಿನವರೇ ಕರೆದುಕೊಂಡು ಹೋಗಬೇಕು. ಐವತ್ತು ಹೆಜ್ಜೆ ತಾನೇ ಅಂತ ಯಾರೂ ಒಬ್ಬರೇ ಹೊರಡಬಾರದು. ಬೆಳಿಗ್ಗೆ ಎಬ್ಬಿಸಲು ಬರುವವರೆಗೂ ಟೆಂಟಿನಲ್ಲೇ ಇರಬೇಕು. ಟೆಂಟಿನೊಳಗೆ ಹಾರ್ನ್ ಅಥವಾ ವಾಕಿಟಾಕಿ ಇಟ್ಟಿರುತ್ತಾರೆ, ತುರ್ತು ಇದ್ದರೆ ಅದನ್ನು ಬಳಸಬೇಕು, ಕೂಗಿಕೊಂಡು ಹೊರಗೆ ಓಡಬಾರದು. ಹಗಲಲ್ಲೂ ಪೊದೆ ದಟ್ಟ ಇರುವ ಕಡೆ ನಿಂತು ನೋಡಿ ಹೋಗಬೇಕು, ಹಿಂಡು ಬಿಟ್ಟ ಮುದಿ ಕಾಡೆಮ್ಮೆಗಳು ಕ್ಯಾಂಪಿನ ನೆರಳಲ್ಲಿ ಮಲಗಿರುತ್ತವೆ. ನನ್ನ ಪ್ರಕಾರ ಅಲ್ಲಿ ಸಿಂಹಕ್ಕಿಂತ ಹೆಚ್ಚು ಎಚ್ಚರ ಇರಬೇಕಾದ್ದು ಈ ಒಂಟಿ ಕಾಡೆಮ್ಮೆಗಳ ಬಗ್ಗೆ.

ಹಿಪ್ಪೊ ಬಗ್ಗೆ ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಹಿಪ್ಪೊ ದಾಳಿಗೆ ಸಿಗುವವರು ಹೆಚ್ಚಾಗಿ ಮೀನು ಹಿಡಿಯುವವರು, ನೀರಿಗೆ ಹೋಗುವವರು, ಚಿಕ್ಕ ದೋಣಿಯಲ್ಲಿ ದಿನಾ ಹೊಳೆ ದಾಟುವವರು. ಹಿಪ್ಪೊ ಹಗಲೆಲ್ಲ ನೀರಲ್ಲಿದ್ದು ರಾತ್ರಿ ಹುಲ್ಲು ಮೇಯಲು ದಡಕ್ಕೆ ಬರುತ್ತದೆ. ಅದಕ್ಕೂ ನೀರಿಗೂ ನಡುವೆ ನೀವು ಸಿಕ್ಕಿಕೊಂಡರೆ ಅದು ಹೆದರಿ ನೀರಿನ ಕಡೆಗೆ, ಅಂದರೆ ನಿಮ್ಮ ಮೇಲೆಯೇ, ನುಗ್ಗುತ್ತದೆ. ಕತ್ತಲಲ್ಲಿ ಒಬ್ಬರೇ ಓಡಾಡಬೇಡಿ ಅನ್ನುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಟೆಂಟಿನ ಕೆಳಗೆ ಅದು ಹುಲ್ಲು ಕೀಳುವ ಪರಪರ ಸದ್ದು ಕೇಳುತ್ತ ಮಲಗಿದವರಿಗೆ ಅದರಿಂದ ಏನೂ ಆಗುವುದಿಲ್ಲ.

ನೀರಿನ ಮೇಲೆ ಹೋಗುವಾಗ ಬೇರೆ ಲೆಕ್ಕ. ಮೊಕೊರೊ ಅಂತ ಚಪ್ಪಟೆ, ಉದ್ದನೆಯ ದೋಣಿ ಇರುತ್ತದೆ, ಹಿಂದೆ ನಿಂತವರು ಉದ್ದ ಕೋಲು ಊರಿ ನೂಕುತ್ತಾರೆ. ಮೊದಲು ಮರದ ದಿಮ್ಮಿ ಕೊರೆದು ಮಾಡುತ್ತಿದ್ದರು, ಈಗ ಮರ ಉಳಿಸಲು ಹೆಚ್ಚಾಗಿ ಫೈಬರ್‌ಗ್ಲಾಸ್. ಕೂತರೆ ನೀರು ಕೈಗೆ ಸಿಗುವಷ್ಟು ಹತ್ತಿರ, ಜೊಂಡಿನ ಮೇಲೆ ಉಗುರಿನಷ್ಟು ಚಿಕ್ಕ ಕಪ್ಪೆಗಳು ಕೂತಿರುತ್ತವೆ. ದೋಣಿಯವರು ಮೊಣಕಾಲುದ್ದದ ನೀರಲ್ಲೇ ಹೋಗುತ್ತಾರೆ, ಹಿಪ್ಪೊ ಇರುವ ಆಳದ ಮಡುವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಆದರೂ ಮಕ್ಕಳಿಗೆ ಬಹಳ ಕಡೆ ಬಿಡುವುದಿಲ್ಲ, 12 ವರ್ಷ ಆಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ಕೆಲವು ಕ್ಯಾಂಪುಗಳು 6 ಅಥವಾ 8 ವರ್ಷಕ್ಕಿಂತ ಚಿಕ್ಕವರನ್ನು ಒಳಗೇ ಸೇರಿಸುವುದಿಲ್ಲ, ಸೇರಿಸಿದರೂ ನಿಮಗೇ ಬೇರೆ ಜೀಪ್ ತಗೊಳ್ಳಿ ಅನ್ನುತ್ತವೆ, ಅದಕ್ಕೆ ದುಡ್ಡು ಬೇರೆ. ಮಗ ಬುಕ್ ಮಾಡುವಾಗ ಮೊಮ್ಮಗನ ವಯಸ್ಸು ಬರೆದಿದ್ದಾನಾ ಅಂತ ಇವತ್ತೇ ಕೇಳಿ. ಮಗು ತಂದೆ ತಾಯಿ ಜೊತೆ ಒಂದೇ ಟೆಂಟಿನಲ್ಲಿರಬೇಕು. ಎರಡು ಕೋಣೆಯ ಫ್ಯಾಮಿಲಿ ಟೆಂಟ್ ಸಿಕ್ಕರೆ ಒಳ್ಳೆಯದು, ಆದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊರಗೆ ಕಾಲಿಡದೆ ಹೋಗುವ ಹಾಗಿರಬೇಕು.

ಇನ್ನು ಕಾಯಿಲೆ. ಹಳದಿ ಜ್ವರ ಬೋಟ್ಸ್ವಾನಾದಲ್ಲಿಲ್ಲ, ದಕ್ಷಿಣ ಆಫ್ರಿಕಾದಲ್ಲೂ ಇಲ್ಲ. ಹಾಗಾದರೆ ಇಂಜೆಕ್ಷನ್ ಮಾತು ಯಾಕೆ ಬರುತ್ತದೆ ಅಂದರೆ, ಟಿಕೆಟ್ ಅಗ್ಗ ಅಂತ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವವರಿದ್ದಾರೆ. ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ಪಟ್ಟಿಯಲ್ಲಿವೆ. ಆ ದಾರಿಯಲ್ಲಿ ಬಂದವರ ಹತ್ತಿರ ದಕ್ಷಿಣ ಆಫ್ರಿಕಾದವರೂ ಬೋಟ್ಸ್ವಾನಾದವರೂ ಸರ್ಟಿಫಿಕೇಟ್ ಕೇಳಬಹುದು. ವಾಪಸ್ ಬರುವಾಗ ನಮ್ಮ ಭಾರತದವರು ಇನ್ನೂ ಕಟ್ಟುನಿಟ್ಟು, ಸರ್ಟಿಫಿಕೇಟ್ ಇಲ್ಲದಿದ್ದರೆ ಆರು ದಿನದ ತನಕ ಕ್ವಾರಂಟೈನ್ ಮಾಡುವ ನಿಯಮ ಇದೆ. ವಿಮಾನ ನಿಲ್ದಾಣದ ಒಳಗೇ ಇದ್ದವರಿಗೆ ವಿನಾಯಿತಿ ಉಂಟು, ಆದರೆ ಅದು ಅಲ್ಲಿನ ಆರೋಗ್ಯಾಧಿಕಾರಿ ಒಪ್ಪಿದರೆ ಮಾತ್ರ. ಇಂಜೆಕ್ಷನ್ ಹಾಕಿಸಿಕೊಂಡರಾಯಿತು ಅನ್ನಬೇಡಿ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ವೈದ್ಯರು ಹಿಂದೆ ಮುಂದೆ ನೋಡುತ್ತಾರೆ, ಅಪರೂಪಕ್ಕೆ ಗಂಭೀರ ತೊಂದರೆ ಆಗುವ ಸಾಧ್ಯತೆ ಆ ವಯಸ್ಸಿನಲ್ಲಿ ಜಾಸ್ತಿ. ನಿಮ್ಮ ಯಜಮಾನರಿಗೆ 64. ಬೇಡದ ಲಸಿಕೆಯನ್ನು ಟಿಕೆಟ್ಟಿನ ಉಳಿತಾಯಕ್ಕಾಗಿ ಹಾಕಿಸುವುದು ಸರಿಯಲ್ಲ. ದುಬೈ ಅಥವಾ ದೋಹಾ ಮೇಲೆ ಜೊಹಾನ್ಸ್‌ಬರ್ಗ್‌ಗೆ ಹೋಗಿ, ಹಾಗೇ ವಾಪಸ್ ಬನ್ನಿ, ಈ ತಲೆನೋವೇ ಇರುವುದಿಲ್ಲ.

ಮಲೇರಿಯಾ ನಿಜ, ಆದರೆ "ಬಂದೇ ಬರುತ್ತದೆ" ಅನ್ನುವುದು ಸುಳ್ಳು. ಉತ್ತರ ಬೋಟ್ಸ್ವಾನಾದಲ್ಲಿ ಅದರ ಕಾಲ ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳು, ಹೆಚ್ಚು ಕಡಿಮೆ ನವೆಂಬರ್‌ನಿಂದ ಮೇ, ಜೂನ್. ಜುಲೈ ಚಳಿಯಲ್ಲಿ ಸೊಳ್ಳೆ ಕಡಿಮೆ, ಅಪಾಯವೂ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ. ಅಲ್ಲಿ ಇರುವುದು ಹೆಚ್ಚಾಗಿ ಫಾಲ್ಸಿಪ್ಯಾರಮ್ ಜಾತಿಯ ಮಲೇರಿಯಾ, ಅದು ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ತರಬಲ್ಲದು. ಮುಂಜಾಗ್ರತೆಯ ಮಾತ್ರೆ ಯಾವುದು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ ಬಂದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ, ಅದನ್ನು ಪ್ರವಾಸದ ಮಾತ್ರೆಯಾಗಿ 8 ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲ. ಯಜಮಾನರ ಬಿಪಿ, ಶುಗರ್ ಮಾತ್ರೆಗಳ ಪಟ್ಟಿ ತೋರಿಸಿಯೇ ಬರೆಸಿಕೊಳ್ಳಿ. ಸಂಜೆಯಿಂದ ಉದ್ದ ತೋಳು, ಕಾಲುಚೀಲ, ಸೊಳ್ಳೆ ಕ್ರೀಮ್. ಎಲ್ಲಕ್ಕಿಂತ ಮುಖ್ಯ, ಮೈಸೂರಿಗೆ ಬಂದು ಮೂರು ತಿಂಗಳೊಳಗೆ ಯಾರಿಗಾದರೂ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, "ಬೋಟ್ಸ್ವಾನಾಗೆ ಹೋಗಿದ್ದೆವು" ಅಂತ ಮೊದಲ ಮಾತಲ್ಲೇ ಹೇಳಿ. ವೈರಲ್ ಇರಬೇಕು ಅಂತ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಕಾಯುವುದೇ ನಮ್ಮವರು ಮಾಡುವ ದೊಡ್ಡ ತಪ್ಪು. ನಿದ್ರೆ ರೋಗ ಹರಡುವ ಟ್ಸೆಟ್ಸೆ ನೊಣದ ಬಗ್ಗೆ ಯಾರಾದರೂ ಹೆದರಿಸಿದರೆ ತಲೆಕೆಡಿಸಿಕೊಳ್ಳಬೇಡಿ. 2001-02ರಲ್ಲಿ ವಿಮಾನದಿಂದ ಔಷಧಿ ಸಿಂಪಡಿಸಿ ಡೆಲ್ಟಾದಿಂದ ಅದನ್ನು ತೆಗೆದುಹಾಕಿದ್ದಾರೆ.

ಈಗ ನನಗೆ ನಿಜಕ್ಕೂ ಯೋಚನೆ ತಂದ ವಿಷಯಕ್ಕೆ ಬರುತ್ತೇನೆ, ಅದು ನಿಮ್ಮ ಯಜಮಾನರ ಆರೋಗ್ಯ. ಡೆಲ್ಟಾದ ಕ್ಯಾಂಪುಗಳಿಗೆ ಬಹುತೇಕ ರಸ್ತೆ ಇಲ್ಲ. ಮಾವುನ್‌ನಿಂದ ಚಿಕ್ಕ ವಿಮಾನದಲ್ಲಿ ಹೋಗಿ ಮಣ್ಣಿನ ಪಟ್ಟಿಯ ಮೇಲೆ ಇಳಿಯುವುದು. ಆ ಪಟ್ಟಿಗಳಲ್ಲಿ ದೀಪ ಇಲ್ಲ, ಪ್ರಾಣಿಗಳು ಬಂದು ಮಲಗಿರುತ್ತವೆ, ಕತ್ತಲಾದ ಮೇಲೆ ವಿಮಾನ ಇಳಿಸುವ ಹಾಗಿಲ್ಲ. ರಾತ್ರಿ ಒಂಬತ್ತಕ್ಕೆ ಎದೆನೋವು ಬಂದರೆ ಬೆಳಗಾಗುವವರೆಗೆ ಕ್ಯಾಂಪಿನವರ ಪ್ರಥಮ ಚಿಕಿತ್ಸೆ, ಫೋನಿನಲ್ಲಿ ಸಿಗುವ ಡಾಕ್ಟರ ಸಲಹೆ, ಅಷ್ಟೇ. ಬೆಳಿಗ್ಗೆ ಮಾವುನ್ ಆಸ್ಪತ್ರೆ, ದೊಡ್ಡ ತೊಂದರೆಯಾದರೆ ಅಲ್ಲಿಂದ ಜೊಹಾನ್ಸ್‌ಬರ್ಗ್. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬುಕಿಂಗ್ ಮಾಡುವವರು ಸಾಮಾನ್ಯವಾಗಿ ಈ ಮಾತನ್ನು ತಾವಾಗಿ ಎತ್ತುವುದಿಲ್ಲ, ನಿಮ್ಮ ವಯಸ್ಸಿನವರಿಗೆ ಇದು ಗೊತ್ತಿರಲೇಬೇಕು. ಕಳೆದ ಕೆಲವು ತಿಂಗಳಲ್ಲಿ ಅವರಿಗೆ ಶುಗರ್ ತೀರಾ ಇಳಿದು ತಲೆಸುತ್ತಿ ಬಿದ್ದದ್ದು, ಎದೆನೋವು, ಔಷಧಿ ಬದಲಾದದ್ದು ಏನಾದರೂ ಇದ್ದರೆ ಈ ಸಲ ಡೆಲ್ಟಾ ಬೇಡ ಅಂತ ನಾನೇ ಹೇಳುತ್ತೇನೆ. ಎಲ್ಲ ಹತೋಟಿಯಲ್ಲಿದ್ದು ಡಾಕ್ಟರು ಸರಿ ಅಂದರೆ ಹೋಗಬಹುದು, ಅವರಿಗಿಂತ ದೊಡ್ಡವರನ್ನೂ ಕರೆದುಕೊಂಡು ಹೋಗಿದ್ದೇನೆ.

ಸಿಪ್ಯಾಪ್‌ಗೆ ರಾತ್ರಿಯಿಡೀ ಕರೆಂಟ್ ಬೇಕು. ಕ್ಯಾಂಪ್ ಸೋಲಾರ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಕೆಲವು ಕಡೆ ಟೆಂಟಿನಲ್ಲಿ 24 ಗಂಟೆ ಪ್ಲಗ್ ಕೆಲಸ ಮಾಡುತ್ತದೆ, ಕೆಲವು ಕಡೆ ರಾತ್ರಿ ದೀಪಕ್ಕೆ ಮಾತ್ರ. "ಕರೆಂಟ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. "ಮಂಚದ ಪಕ್ಕದ ಪ್ಲಗ್‌ನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸಿಪ್ಯಾಪ್ ಓಡುತ್ತದಾ" ಅಂತ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಜೊತೆಗೊಂದು ಬ್ಯಾಟರಿ ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು, ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್ ಅವರ್ ದಾಟಿದರೆ ಏರ್‌ಲೈನ್ ಒಪ್ಪಿಗೆ ಬೇಕು, 160 ದಾಟಿದರೆ ಬಿಡುವುದಿಲ್ಲ. ಮೆಷಿನ್, ಇನ್ಸುಲಿನ್ ಎರಡಕ್ಕೂ ಡಾಕ್ಟರ ಪತ್ರ ಇರಲಿ.

ಇನ್ಸುಲಿನ್ ತಗೊಳ್ಳುವವರಿಗೆ ಅಲ್ಲಿನ ದಿನಚರಿ ತೊಡಕು. ಐದೂವರೆಗೆ ಎಬ್ಬಿಸುತ್ತಾರೆ, ಆರಕ್ಕೆ ಕಾಫಿ, ಒಂದು ಬಿಸ್ಕತ್ತು ಅಥವಾ ಗಂಜಿ, ತಕ್ಷಣ ಜೀಪ್. ಹನ್ನೊಂದರ ಹೊತ್ತಿಗೆ ದೊಡ್ಡ ಊಟ, ಮೂರೂವರೆಗೆ ಟೀ, ಮತ್ತೆ ಜೀಪ್, ರಾತ್ರಿ ಊಟಕ್ಕೆ ಎಂಟು. ಒಂದು ಸಿಂಹದ ಗುಂಪು ಸಿಕ್ಕಿತು ಅಂದರೆ ಹನ್ನೊಂದು ಹನ್ನೆರಡೂವರೆ ಆಗುತ್ತದೆ. ಇನ್ಸುಲಿನ್ ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರ ಜೊತೆ ಈ ವೇಳಾಪಟ್ಟಿ ಇಟ್ಟುಕೊಂಡು ಮಾತಾಡಿ. ಜೀಪಿನಲ್ಲಿ ಅವರ ಜೇಬಲ್ಲಿ ಗ್ಲುಕೋಸ್ ಇರಲೇಬೇಕು, ಗೈಡ್‌ಗೂ ಮೊದಲೇ ಹೇಳಿಡಿ. ಟೆಂಟಿನಲ್ಲಿ ತಿನ್ನುವುದು ಇಡಬಾರದು ಅಂದೆ, ಇದೊಂದಕ್ಕೆ ಕ್ಯಾಂಪಿನವರ ಒಪ್ಪಿಗೆ ಕೇಳಿ. ವಾಸನೆ ಬಾರದ ಗ್ಲುಕೋಸ್ ಮಾತ್ರೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಂಚದ ಪಕ್ಕ ಇಡಬೇಕು. ರಾತ್ರಿ ಶುಗರ್ ಇಳಿದರೆ ಅಡುಗೆಮನೆಗೆ ನಡೆದುಕೊಂಡು ಹೋಗುವ ಹಾಗಿಲ್ಲ ಅಲ್ವಾ. ಇನ್ಸುಲಿನ್ ಇಡಲು ಟೆಂಟಿನಲ್ಲಿ ಫ್ರಿಜ್ ಇಲ್ಲದಿದ್ದರೆ ಅಡುಗೆಮನೆಯಲ್ಲಿ ಇಡುತ್ತಾರೆ. ಕಾಲಿಗೆ ಮುಚ್ಚಿದ ಶೂ, ಸ್ನಾನದ ಮನೆಗೆ ಹೋಗುವಾಗಲೂ.

ಊಟದ ಬಗ್ಗೆ ಜಾಸ್ತಿ ಚಿಂತೆ ಬೇಡ, ಆದರೆ ಸರಿಯಾಗಿ ಹೇಳಿ. ಅಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿರುತ್ತದೆ, ಸೂಪಿಗೆ ಕೋಳಿಯ ನೀರು ಬಿದ್ದಿರಬಹುದು. "ಮಾಂಸ, ಮೀನು, ಕೋಳಿ, ಮೊಟ್ಟೆ, ಅವುಗಳ ಸಾರು ಯಾವುದೂ ಬೇಡ. ಹಾಲು, ಮೊಸರು, ಬೆಣ್ಣೆ ಆಗುತ್ತದೆ" ಅಂತ ಒಂದು ತಿಂಗಳು ಮೊದಲೇ ಬರೆದು ಕಳಿಸಿ. ಸಾಮಾನು ಎಲ್ಲ ಹೊರಗಿಂದ ಬರಬೇಕು, ಹೋದ ದಿನ ಹೇಳಿದರೆ ಅವರಿಗೂ ಕಷ್ಟ. ಅನ್ನ, ಬೇಳೆ, ತರಕಾರಿ, ಅಲ್ಲಿನವರ ಬೀನ್ಸ್ ಪಲ್ಯ, ಮೊರೊಗೊ ಅನ್ನುವ ಸೊಪ್ಪು ಚೆನ್ನಾಗಿಯೇ ಮಾಡುತ್ತಾರೆ.

ಚೀಲ, ಚಳಿ, ಕಾಗದ ಪತ್ರ ಬೇಗ ಹೇಳಿ ಮುಗಿಸುತ್ತೇನೆ. ಚಿಕ್ಕ ವಿಮಾನದಲ್ಲಿ ಕ್ಯಾಮೆರಾ ಸೇರಿ ಒಬ್ಬರಿಗೆ 15 ಅಥವಾ 20 ಕೆಜಿ, ಅದೂ ಚಕ್ರವಿಲ್ಲದ ಮೆತ್ತನೆ ಚೀಲ. ಗಟ್ಟಿ ಸೂಟ್‌ಕೇಸ್ ಒಳಗೆ ಹೋಗುವುದಿಲ್ಲ, ಅದನ್ನು ಮಗನ ಮನೆಯಲ್ಲಿ ಬಿಡಿ. ಸಿಪ್ಯಾಪ್ ತೂಕ ಬೇರೆ ಅಂತ ಮೊದಲೇ ಬರೆಸಿಕೊಳ್ಳಿ. ನಿಮ್ಮ ತೂಕವನ್ನೂ ಕೇಳುತ್ತಾರೆ, ವಿಮಾನದ ಲೆಕ್ಕಕ್ಕೆ ಅದು ಬೇಕು, ಸರಿಯಾಗಿ ಹೇಳಿ. ಜುಲೈ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಐದಾರು ಡಿಗ್ರಿ ಚಳಿ. ಮಂಕಿ ಕ್ಯಾಪ್, ಕೈಗವಸು, ಸ್ವೆಟರ್ ಬೇಕು, ಮಧ್ಯಾಹ್ನ ಅದೇ ಜಾಗ 25 ಡಿಗ್ರಿ. ರಾತ್ರಿ ಹಾಸಿಗೆಯಲ್ಲಿ ಹೊದಿಕೆಯ ಕೆಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರೆ, ಕಾಲಿಗೆ ಬೆಚ್ಚಗೆ ಏನೋ ತಗುಲಿದರೆ ಗಾಬರಿಯಾಗಬೇಡಿ. ವೀಸಾ ಎರಡು ದೇಶಕ್ಕೂ ಬೇಕು. ದಕ್ಷಿಣ ಆಫ್ರಿಕಾದ್ದನ್ನು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವ ಹಾಗೆ ಕೇಳಿ ಮಾಡಿಸಿಕೊಳ್ಳಿ. ಬೋಟ್ಸ್ವಾನಾಗೆ ಹೋಗಿ ಮಗನ ಮನೆಗೆ ವಾಪಸ್ ಬರಬೇಕಲ್ಲ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಮೊಮ್ಮಗನ ಜನನ ಪ್ರಮಾಣ ಪತ್ರ, ತಂದೆ ತಾಯಿ ಇಬ್ಬರ ಹೆಸರೂ ಇರುವಂಥದ್ದು, ಜೊತೆಗಿರಲಿ.

ಈಗ ನಿಮ್ಮ ಮುಂದೆ ಏನೇನಿದೆ ಅಂತ ನೋಡೋಣ. ಡಾಕ್ಟರು ಸರಿ ಅಂದು, ಸಿಪ್ಯಾಪ್‌ಗೆ ಬರಹದಲ್ಲಿ ಹ್ಞೂಂ ಅಂತ ಬಂದು, ಮಗುವಿನ ವಯಸ್ಸಿಗೆ ಅಡ್ಡಿ ಇಲ್ಲ ಅಂದರೆ ಈಗಿನ ಬುಕಿಂಗ್‌ನಲ್ಲೇ ಹೋಗಿ. ನನ್ನ ಮೊದಲ ಆಯ್ಕೆ ಅದೇ. ಒಂದು ವಿಷಯ ಮಾತ್ರ ವಿಚಾರಿಸಿ, ಜುಲೈ ಕೊನೆಯಲ್ಲಿ ಆ ಕ್ಯಾಂಪಿನ ಸುತ್ತ ನೀರು ಎಷ್ಟಿರುತ್ತದೆ ಅಂತ. ನೀರು ಏರಿದಾಗ ಕೆಲವು ಕ್ಯಾಂಪುಗಳಲ್ಲಿ ಜೀಪ್ ಓಡಾಡುವ ನೆಲವೇ ಉಳಿಯುವುದಿಲ್ಲ, ದೋಣಿ ಮಾತ್ರ. ಅಲ್ಲಿಗೆ ಹೋದರೆ ಮೊಮ್ಮಗ ನಾಲ್ಕು ದಿನ ಕ್ಯಾಂಪಿನಲ್ಲೇ ಕೂರಬೇಕಾಗುತ್ತದೆ. ಮೊರೆಮಿ ಸಂರಕ್ಷಿತ ಪ್ರದೇಶದ ಒಳಗಿನ ಕ್ಯಾಂಪಾ, ಖಾಸಗಿ ಗುತ್ತಿಗೆ ಜಾಗದ್ದಾ ಅನ್ನುವುದನ್ನೂ ಕೇಳಿ. ಖಾಸಗಿಯದ್ದಾದರೆ ರಾತ್ರಿ ಸಫಾರಿ ಇರುತ್ತದೆ, ದಾರಿ ಬಿಟ್ಟು ಹೋಗಲೂ ಬಿಡುತ್ತಾರೆ.

ಆಸ್ಪತ್ರೆಯ ದೂರವೇ ಮನಸ್ಸಿಗೆ ಕೊರೆಯುತ್ತಿದ್ದರೆ ಡೆಲ್ಟಾದಲ್ಲಿ ಎರಡೇ ರಾತ್ರಿ ಇಟ್ಟುಕೊಂಡು ಉಳಿದ ಎರಡು ರಾತ್ರಿ ಕಸಾನೆಯಲ್ಲಿರಿ. ಅದು ಚೋಬೆ ನದಿಯ ದಡದ ಊರು. ಗೋಡೆ, ಬಾಗಿಲು, ಡಾಂಬರು ರಸ್ತೆ ಎಲ್ಲ ಇದೆ. ದೋಣಿಯಲ್ಲಿ ಕೂತರೆ ಒಂದೇ ಸಂಜೆಯಲ್ಲಿ ನೂರಾರು ಆನೆ ನೀರು ಕುಡಿಯಲು ಬರುವುದನ್ನು ನೋಡಬಹುದು. ಜನ ಜಾಸ್ತಿ, ದೋಣಿಗಳ ಸಾಲು ಜಾಸ್ತಿ, ಆ ಒಂಟಿತನ ಸಿಗುವುದಿಲ್ಲ, ಆದರೆ ಖರ್ಚೂ ಕಡಿಮೆ. ಡಾಕ್ಟರು ಪೂರ್ತಿ ಬೇಡ ಅಂದರೆ ಜೊಹಾನ್ಸ್‌ಬರ್ಗ್‌ನಿಂದ ಕಾರಿನಲ್ಲೇ ಹೋಗಬಹುದಾದ ಪಿಲಾನೆಸ್‌ಬರ್ಗ್ ಅನ್ನುವ ಕಾಡು ಇದೆ, ಇನ್ನೂ ಸ್ವಲ್ಪ ದೂರ ಮಡಿಕ್ವೆ ಇದೆ. ಎರಡೂ ಮಲೇರಿಯಾ ಇಲ್ಲದ ಜಾಗ. ನೀರಿನ ನಾಡು ಅಲ್ಲ ಅನ್ನುವುದು ಬಿಟ್ಟರೆ ಆನೆ, ಸಿಂಹ, ಘೇಂಡಾಮೃಗ ಎಲ್ಲ ಇವೆ, ಮಗುವಿಗೂ ಇದು ಸುಲಭ. ಖರ್ಚು ಉಳಿಸಲು ಊರಿಂದೂರಿಗೆ ಟೆಂಟ್ ಸಾಗಿಸುತ್ತ ಹೋಗುವ ಮೊಬೈಲ್ ಸಫಾರಿ ಅಂತ ಯಾರಾದರೂ ಹೇಳಿದರೆ ನಿಮ್ಮ ಮನೆಯವರಿಗೆ ಬೇಡ. ಅಲ್ಲಿ ಟೆಂಟ್ ನೆಲದ ಮೇಲೆ, ರಾತ್ರಿ ಕರೆಂಟ್ ನಂಬುವ ಹಾಗಿಲ್ಲ.

ಯಾವುದಕ್ಕೆ ಹೋದರೂ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎರಡು ಸಾಲು ಹುಡುಕಿ. ಮೊದಲೇ ಇರುವ ಕಾಯಿಲೆಯಿಂದ ಬರುವ ತೊಂದರೆಗೆ ದುಡ್ಡು ಕೊಡುತ್ತಾರಾ? ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ? ಶುಗರ್, ಬಿಪಿ ಇದೆ ಅಂತ ಮುಚ್ಚಿಡದೆ ಬರೆಸಿ, ಮುಚ್ಚಿಟ್ಟರೆ ಕೊನೆಗೆ ಕ್ಲೇಮ್ ತಿರಸ್ಕರಿಸುತ್ತಾರೆ. ಕ್ಯಾಂಪ್ ತಲುಪಿದ ಮೇಲೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಕಾಡುಪ್ರಾಣಿಗಳಿರುವ ಜಾಗ ಅಂತ ಗೊತ್ತಿದ್ದೇ ಬಂದಿದ್ದೇವೆ ಅಂತ. ಅದು ಎಲ್ಲ ಕಡೆ ಇರುವುದೇ, ಓದಿ ಸಹಿ ಹಾಕಿ. ಇನ್ನು ಕ್ಯಾನ್ಸಲ್ ನಿಯಮ. ಈ ಕ್ಯಾಂಪುಗಳಲ್ಲಿ ದಿನ ಹತ್ತಿರ ಬಂದ ಹಾಗೆ ವಾಪಸ್ ಬರುವ ದುಡ್ಡು ಕಡಿಮೆಯಾಗುತ್ತ ಹೋಗಿ, ಕೊನೆಯ ವಾರಗಳಲ್ಲಿ ಏನೂ ಸಿಗುವುದಿಲ್ಲ. ಮುಂದಿನ ಕಂತು ಕಟ್ಟುವ ದಿನ ಯಾವುದು ಅಂತ ಮಗನ ಹತ್ತಿರ ಕೇಳಿ, ಅದಕ್ಕಿಂತ ಮೊದಲೇ ಡಾಕ್ಟರನ್ನು ನೋಡಿ ಮುಗಿಸಿ.